ಹಗಲು ಟಾರ್ಚಿನವನ ಮೀಟರು

ನಡುಹಗಲಲ್ಲಿ ಟಾರ್ಚು ಹಿಡಿದು ಬೀದಿ ಸುತ್ತುವ ಮನುಷ್ಯನನ್ನು ಕಂಡು ಮೊದಮೊದಲು ಜನ ನಕ್ಕರು. ಆಮೇಲೆ ಅದೇ ಅವನ ಹೆಸರಾಯಿತು. ಹಗಲು ಟಾರ್ಚು. ಮೂವತ್ತೊಂದು ವರ್ಷ ಅವನು ಕರೆಂಟು ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದ. ಹೊರಗೆ ಎಷ್ಟೇ ಬಿಸಿಲಿರಲಿ, ಮೀಟರು ಇರುವುದು ಕತ್ತಲಲ್ಲೇ ಎಂದು ಅವನಿಗೆ ಗೊತ್ತಿತ್ತು. ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ, ಮುರಿದ ಸೈಕಲ್ಲು ಒರಗಿಸಿಟ್ಟ ಮೂಲೆಯಲ್ಲಿ. ಬಲಗೈಯಲ್ಲಿ ಟಾರ್ಚು ಹಿಡಿದು, ಎಡಗೈಯಿಂದ ಜೇಡರ ಬಲೆ ಸರಿಸಿ, ಅಂಕಿಗಳನ್ನು ಮೊದಲು ಬಾಯಲ್ಲಿ ಹೇಳಿಕೊಂಡು ಆಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದ. ಅವನು ಹೋಗಿ ನಾಲ್ಕು ತಿಂಗಳಾಯಿತು. ಟಾರ್ಚು ಮಾತ್ರ ಬಾಗಿಲ ಪಕ್ಕದ ಮೊಳೆಯಲ್ಲಿ ಹಾಗೇ ನೇತಾಡುತ್ತಿದೆ.

ಬಿಲ್ಲು ಹೆಚ್ಚು ಬಂತೆಂದು ಜಗಳಕ್ಕೆ ಬಂದವರಿಗೆಲ್ಲ ಅವನದು ಒಂದೇ ಉತ್ತರ. ದನಿ ಏರಿಸುತ್ತಿರಲಿಲ್ಲ, ಮುಖ ಗಂಟಿಕ್ಕುತ್ತಿರಲಿಲ್ಲ. "ಅಮ್ಮಾ, ಮೀಟರಿಗೆ ನಿಮ್ಮ ಪರಿಚಯ ಇಲ್ಲ. ನಿಮ್ಮ ಮೇಲೆ ಅದಕ್ಕೆ ಸಿಟ್ಟೂ ಇಲ್ಲ, ಪ್ರೀತಿನೂ ಇಲ್ಲ. ನೀವು ಎಷ್ಟು ತಗೊಂಡ್ರೋ ಅಷ್ಟು ಹೇಳುತ್ತೆ." ಇಷ್ಟು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದ. ರೀಡಿಂಗ್ ಪುಸ್ತಕದ ಪ್ರತಿ ಸಾಲಿನ ಕೊನೆಗೆ ಷರಾ ಎಂದು ಒಂದು ಖಾನೆ ಇರುತ್ತದೆ. ಮೀಟರು ಕೆಟ್ಟಿರಬಹುದು ಎಂಬ ಅನುಮಾನವಿದ್ದರೆ ರೀಡರು ಅಲ್ಲಿ ಎರಡು ಮಾತು ಬರೆಯಬೇಕು. ಬೇರೆಯವರು ಬರೆಯುತ್ತಿದ್ದರು, ಕೆಲವರು ಬೈಸಿಕೊಳ್ಳಲಾರದೆ, ಕೆಲವರು ಒಂದು ಲೋಟ ಚಹಾದ ಋಣಕ್ಕೆ. ಇವನ ಪುಸ್ತಕಗಳಲ್ಲಿ ಆ ಖಾನೆ ಮೊದಲಿನಿಂದ ಕೊನೆಯವರೆಗೆ ಬೆಳ್ಳಗೆ ಉಳಿದಿತ್ತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತು ಅದನ್ನೇ ಹೆಮ್ಮೆಯಿಂದ ಹೇಳಿದ್ದ.

ಆ ಖಾಲಿ ಖಾನೆಗಳಲ್ಲಿ ಒಂದು ಪಕ್ಕದ ಮನೆಯದು. ಅಲ್ಲಿರುವುದು ಟೈಲರಮ್ಮ. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಇಡೀ ಬೀದಿಯ ಬಟ್ಟೆ ಹೊಲಿಯುತ್ತಿದ್ದವಳು. ಹತ್ತೊಂಬತ್ತು ವರ್ಷದ ಹಿಂದೆ ಅವಳ ಬಿಲ್ಲು ಒಂದೇ ತಿಂಗಳಲ್ಲಿ ಮೂರರಷ್ಟಾಯಿತು. ಮೀಟರು ಹಾರುತ್ತಿದೆ, ಅಂಕಿ ತಾನಾಗೇ ಜಿಗಿಯೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ, ಒಂದು ಮಾತು ಬರೆಯಿರಿ ಎಂದು ಅವಳು ಕೇಳಿದಳು. ಅವನು ಟಾರ್ಚು ಬಿಟ್ಟು ನೋಡಿದ. ಅಂಕಿ ನಿಂತಲ್ಲೇ ನಿಂತಿತ್ತು. "ಮೀಟರಿಗೆ ನಿಮ್ಮ ಪರಿಚಯ ಇಲ್ಲಮ್ಮ" ಎಂದ. ಕಟ್ಟಲಾಗದೆ ಅವಳ ಲೈನು ಕಟ್ ಆಯಿತು. ಇಪ್ಪತ್ಮೂರು ದಿನ ಅವಳು ಕಾಲಲ್ಲಿ ತುಳಿಯುವ ಹಳೆಯ ಯಂತ್ರವನ್ನು ಕಿಟಕಿಯ ಬಳಿ ಎಳೆದುಕೊಂಡು, ಬೆಳಕಿದ್ದಷ್ಟು ಹೊತ್ತು ಹೊಲಿದಳು. ಆ ಟಕಟಕ ಸದ್ದು ಗೋಡೆ ದಾಟಿ ಇವನ ಮನೆಗೆ ಬರುತ್ತಿತ್ತು. ಆಮೇಲೆ ಲೈನು ಬಂತು. ಮಾತು ಮಾತ್ರ ಬರಲಿಲ್ಲ. ನಡುವೆ ಒಂದೇ ಗೋಡೆ, ಹತ್ತೊಂಬತ್ತು ವರ್ಷ.

ಅವನಿಗೆ ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಇದ್ದ. ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಎಪ್ಪತ್ತರಲ್ಲೂ ಅವಳ ದನಿ ಗಂಟೆ ಹೊಡೆದ ಹಾಗೆ. "ನಮ್ಮ ಮನೇಲಿ ಇಬ್ಬರಿಗೂ ಲೈನಿನ ಕೆಲಸವೇ ಹಣೇಲಿ ಬರೆದಿತ್ತು" ಎಂದು ಬಂದವರಿಗೆ ಹೇಳುತ್ತಿದ್ದಳು. "ನಾನು ಜನರ ಮಾತು ಕೂಡಿಸ್ತಿದ್ದೆ, ಇವನು ಕೆಡಿಸ್ತಿದ್ದ."

ನಿವೃತ್ತನಾಗಿ ಆರು ವರ್ಷಕ್ಕೆ ಅವನ ಶ್ವಾಸಕೋಶ ಕೈಕೊಟ್ಟಿತು. ಎರಡು ಸಲ ಆಸ್ಪತ್ರೆ ಆಯಿತು. ಕೊನೆಗೆ ಡಾಕ್ಟರು, ಇನ್ನು ಇಲ್ಲಿ ಮಾಡುವಂಥದ್ದೇನಿಲ್ಲ, ದಿನಕ್ಕೆ ಹದಿನೆಂಟು ಗಂಟೆಗೆ ಕಡಿಮೆಯಿಲ್ಲದಂತೆ ಮನೆಯಲ್ಲೇ ಆಕ್ಸಿಜನ್ ಮೆಷಿನ್ ಹಾಕಿಕೊಂಡಿರಬೇಕು ಎಂದು ಕಳಿಸಿದರು. ಸಣ್ಣ ಬೀರುವಿನಷ್ಟಿದ್ದ ಮೆಷಿನ್ನು ಬಂತು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಮೂಗಿನ ನಳಿಕೆಗೆ ಕಳಿಸುತ್ತದೆ. ನಾಲ್ಕು ಸೆಕೆಂಡಿಗೊಮ್ಮೆ ಬುಸ್ಸೆಂದು ಉಸಿರು ಬಿಡುತ್ತದೆ. ಕರೆಂಟು ಹೋದರೆ ಅಂತ ಒಂದು ಸಿಲಿಂಡರು, ಅದು ಐದು ಗಂಟೆಗೆ ಸಾಕು. ಮೆಷಿನ್ನು ಬಂದ ಮೊದಲ ದಿನ ಅವನು ಅದರ ಬೆನ್ನ ಹಿಂದಿನ ಚೀಟಿಗೆ ಟಾರ್ಚು ಬಿಟ್ಟು ಎಷ್ಟು ಕರೆಂಟು ತಿನ್ನುತ್ತದೆಂದು ಓದಿದ. ಓದಿ ಟಾರ್ಚು ಆರಿಸಿದ.

"ಏನಂತೆ?" ಅಂದಳು ಅಕ್ಕ.

"ಈ ಬೀದೀಲಿ ನನ್ನಷ್ಟು ದುಬಾರಿ ಉಸಿರಾಡೋರು ಇನ್ನೊಬ್ಬರಿಲ್ಲ."

ಹಾಗೆ ಸೋಲಾರ್ ಬಂತು. ಹಗಲು ಮೆಷಿನ್ನು ಬಿಸಿಲಲ್ಲೇ ಓಡುತ್ತದೆ, ಮಿಕ್ಕಿದ ಕರೆಂಟು ಲೈನಿಗೆ ಹೋಗುತ್ತದೆ, ಲೈನಿಗೆ ಕೊಟ್ಟದ್ದನ್ನು ಆಫೀಸಿನವರು ಇವನ ಪರವಾಗಿ ಬರೆದುಕೊಂಡು ಕತ್ತಲಾದ ಮೇಲೆ ವಾಪಸ್ ಕೊಡುತ್ತಾರೆ. ಲೆಕ್ಕ ಇಷ್ಟೇ. ಆದರೆ ಅವನಿಗೆ ಅದು ಬರೀ ಲೆಕ್ಕವಾಗಿರಲಿಲ್ಲ. "ಅಕ್ಕಾ, ಮೂವತ್ತೊಂದು ವರ್ಷ ಜನ ತಗೊಂಡಿದ್ದನ್ನೇ ಬರೆದೆ. ಕೊಟ್ಟೋರ ಮನೆ ರೀಡಿಂಗ್ ಒಂದೇ ಒಂದು ಸಲನೂ ಬರೀಲಿಲ್ಲ" ಎಂದಿದ್ದ. ನಿವೃತ್ತಿಯಲ್ಲಿ ಬಂದ ದುಡ್ಡು ಎಂಟು ಪ್ಯಾನೆಲ್ಲುಗಳಾಗಿ ತಾರಸಿ ಹತ್ತಿತು.

ಪ್ಯಾನೆಲ್ಲು ಕೂರಿಸಿದವನು ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಗೋಡೆಯ ಮೇಲಿನ ಪೆಟ್ಟಿಗೆಯ ಸ್ವಿಚ್ಚು ತೋರಿಸಿ ಹೇಳಿದ. "ಸಾರ್, ಇದನ್ನ ಮಾತ್ರ ಮುಟ್ಟಬೇಡಿ. ಒಳಗೆ ಬಂದಿದ್ದು ಬೇರೆ, ಹೊರಗೆ ಹೋಗಿದ್ದು ಬೇರೆ ಬರ್ಕೊಳ್ಳೋ ಮೀಟರು ಆಫೀಸಿಂದ ಬರಬೇಕು. ಬಂದ್ಮೇಲೆ ಹಾಕೋಣ."

"ಯಾವಾಗ ಬರುತ್ತೆ?"

"ಸ್ಟಾಕ್ ಇಲ್ವಂತೆ. ಬರುತ್ತೆ, ಬರುತ್ತೆ."

"ಈಗಿರೋ ಮೀಟರಲ್ಲಿ ಹಾಕಿದ್ರೆ ಏನಾಗುತ್ತೆ?"

"ಅದೆಲ್ಲ ನನಗೆ ಗೊತ್ತಿಲ್ಲ ಸಾರ್. ಹಾಕಬಾರದು ಅಂತ ರೂಲ್ಸು."

"ಮೀಟರಿನ ವಿಷಯ ನನಗೆ ಹೇಳ್ತೀಯಾ? ನಿನ್ನ ವಯಸ್ಸಿನಷ್ಟು ವರ್ಷ ಅದರ ಮುಖ ನೋಡಿದ್ದೀನಿ" ಎಂದು ಅವನು ನಕ್ಕ. ನಗುವುದಕ್ಕೆ ಹೋಗಿ ಕೆಮ್ಮಿದ.

ಆರು ವಾರ ಕಾದ. ದಿನಾ ಹನ್ನೊಂದು ಗಂಟೆಗೆ ನಳಿಕೆಯನ್ನು ಕಿವಿಗೆ ಸಿಕ್ಕಿಸಿಕೊಂಡೇ ಅಂಗಳಕ್ಕೆ ಬಂದು, ನಳಿಕೆಯ ಉದ್ದ ಮುಗಿಯುವಲ್ಲಿ ನಿಂತು, ತಾರಸಿಯ ಅಂಚಿನಲ್ಲಿ ಹೊಳೆಯುವ ಪ್ಯಾನೆಲ್ಲು ನೋಡುತ್ತಿದ್ದ. ಒಲೆ ಹಚ್ಚಿ ಮಡಕೆ ಇಡದೆ ಕೂತ ಹಾಗೆ ಅನಿಸುತ್ತಿತ್ತು ಅವನಿಗೆ. ಏಳನೆಯ ವಾರದ ಸೋಮವಾರ ಸ್ವಿಚ್ಚು ಹಾಕಿದ.

ಅವನು ಯಾಕೆ ಅಷ್ಟು ಧೈರ್ಯ ಮಾಡಿದ ಎನ್ನುವುದಕ್ಕೆ ಕಾರಣವಿದೆ. ಅವನ ಸರ್ವಿಸಿನ ಮೊದಲ ಅರ್ಧದಲ್ಲಿ ಮೀಟರುಗಳ ಹೊಟ್ಟೆಯಲ್ಲಿ ತಟ್ಟೆ ತಿರುಗುತ್ತಿತ್ತು. ಕರೆಂಟು ಹಿಂದಕ್ಕೆ ಹರಿದರೆ ತಟ್ಟೆಯೂ ಹಿಂದಕ್ಕೆ, ಅಂಕಿಯೂ ಹಿಂದಕ್ಕೆ. ಕೆಲವರು ತಂತಿ ಅದಲುಬದಲು ಮಾಡಿ ಹೀಗೆಯೇ ಕದಿಯುತ್ತಿದ್ದರು. ಅಂಥ ಇಪ್ಪತ್ತೇಳು ಮನೆ ಹಿಡಿದುಕೊಟ್ಟವನು ಇವನೇ. ಆಮೇಲೆ ತಟ್ಟೆ ಹೋಗಿ ಅಂಕಿ ಮಿನುಗುವ ಮೀಟರುಗಳು ಬಂದವು. ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕೆಂಪು ದೀಪ. ಕರೆಂಟು ಹಿಂದಕ್ಕೆ ಹರಿದರೆ ಅದು ಹತ್ತುತ್ತದೆ, ಕಂಡರೆ ವರದಿ ಕೊಡಿ ಎಂದಷ್ಟೇ ರೀಡರುಗಳಿಗೆ ಹೇಳಿದ್ದರು. ಆಗ ಅಂಕಿ ಏನಾಗುತ್ತದೆಂದು ಯಾರೂ ಹೇಳಲಿಲ್ಲ. ಇವನೂ ಕೇಳಲಿಲ್ಲ. ಮುಖ ಓದುವವನಿಗೆ ಹೊಟ್ಟೆಯೊಳಗಿನ ವಿಷಯ ಯಾಕೆ?

ಆ ಸೋಮವಾರ ಮೆಟ್ಟಿಲ ಕೆಳಗೆ ಬಗ್ಗಿ ಟಾರ್ಚು ಬಿಟ್ಟಾಗ ಕೆಂಪು ದೀಪ ಹತ್ತಿತ್ತು.

"ಅಕ್ಕಾ! ಬಾ ಇಲ್ಲಿ, ಬಾ! ಹಿಂದಕ್ಕೆ ಹೋಗ್ತಿದೆ! ನಮ್ಮ ಮನೆಯಿಂದ ಹೊರಗೆ ಹೋಗ್ತಿದೆ!"

ಅಕ್ಕ ಸೊಂಟ ಹಿಡಿದುಕೊಂಡು ಬಗ್ಗಿದಳು. "ಅಂಕಿ ಎಷ್ಟಿದೆ?"

ಅವನು ಥಟ್ಟನೆ ಅಂಕಿಗಳ ಮೇಲೆ ಅಂಗೈ ಮುಚ್ಚಿದ. "ನೋಡಬಾರದು. ರೀಡಿಂಗಿಗೆ ಒಂದು ದಿನ ಅಂತ ಇದೆ. ದಿನಾ ಮೀಟರು ನೋಡೋ ಮನೆಯವರೇ ನೋಡು, ತಿಂಗಳ ಕೊನೆಗೆ ಬಂದು ಜಗಳ ಆಡೋದು."

ಇದು ಅವನ ಹಳೆಯ ನೇಮ. ತಿಂಗಳಿಗೊಮ್ಮೆ ಓದಿದ್ದೇ ಓದು. ಸ್ವಂತ ಮನೆಯ ಮೀಟರನ್ನೂ ಅವನು ನಡುವೆ ಇಣುಕಿದವನಲ್ಲ. ಹಾಗಾಗಿ ಇಡೀ ತಿಂಗಳು ದಿನಾ ಮಧ್ಯಾಹ್ನ ಮೆಟ್ಟಿಲ ಕೆಳಗೆ ಕೂತು, ಎಡಗೈಯಿಂದ ಅಂಕಿ ಮುಚ್ಚಿ, ಬಲಗೈಯ ಟಾರ್ಚಿನಲ್ಲಿ ಆ ಸಾಸಿವೆ ಕಾಳನ್ನು ಮಾತ್ರ ನೋಡುತ್ತಿದ್ದ.

ಹೆಚ್ಚು ಹೋಗಲಿ ಎಂದು ಮನೆಯಲ್ಲಿ ಒಂದೊಂದೇ ಬಂದ್ ಮಾಡಿದ. ಹನ್ನೊಂದರಿಂದ ಮೂರರವರೆಗೆ ಫ್ಯಾನಿಲ್ಲ. ಮಿಕ್ಸಿ ಇಲ್ಲ. ಅಕ್ಕನ ರೇಡಿಯೋ ಸಹ ಇಲ್ಲ. "ರೇಡಿಯೋ ಎಷ್ಟು ತಿನ್ನುತ್ತೋ, ಜಿಪುಣಾಗ್ರೇಸರ?" ಎಂದು ಅವಳು ರೇಗಿದರೆ, "ತಿನ್ನೋದು ಎಷ್ಟಾದರೇನು, ತಿನ್ನುತ್ತಲ್ಲ" ಎನ್ನುತ್ತಿದ್ದ. ಒಂದು ವಾರ ಕಳೆದ ಮೇಲೆ, ಹನ್ನೆರಡರಿಂದ ಎರಡರವರೆಗೆ ಮೆಷಿನ್ನನ್ನೂ ನಿಲ್ಲಿಸಿದ.

ಅವತ್ತು ಅಕ್ಕ ನಿಜವಾಗಿ ಹೆದರಿದಳು. "ನಿನಗೇನು ತಲೆ ಕೆಟ್ಟಿದೆಯೇನೋ?"

"ಡಾಕ್ಟರು ಹದಿನೆಂಟು ಗಂಟೆ ಅಂದಿದ್ದಾರೆ. ಇನ್ನಾರು ಗಂಟೆ ನನ್ನದು."

"ಆ ಆರು ಗಂಟೆ ಸ್ನಾನಕ್ಕೆ, ಊಟಕ್ಕೆ, ಸುಮ್ಮನೆ ಕೂತಿರೋಕೆ. ಮೆಟ್ಟಿಲ ಕೆಳಗೆ ಮಡಚಿಕೊಂಡು ಕೂತು ದೀಪ ನೋಡೋಕಲ್ಲ. ತುಟಿ ನೋಡು, ಶಾಯಿ ಕುಡಿದ ಹಾಗಿದೆ."

"ನಡುಹಗಲ ಬಿಸಿಲಕ್ಕ. ಆಗ ಹೋಗೋದೇ ಹೆಚ್ಚು." ಸ್ವಲ್ಪ ಸುಧಾರಿಸಿಕೊಂಡು, ದನಿ ತಗ್ಗಿಸಿ ಹೇಳಿದ. "ನಮ್ಮ ಮನೆಯಿಂದ ಹೊರಟಿದ್ದು ದೂರ ಹೋಗಲ್ಲ ಗೊತ್ತಾ? ಮೊದಲು ಸಿಗೋ ಮನೆಗೆ ನುಗ್ಗುತ್ತೆ. ಟೈಲರಮ್ಮನ ಇಸ್ತ್ರಿ ಪೆಟ್ಟಿಗೆ ಈಗ ನಮ್ಮ ಬಿಸಿಲಲ್ಲೇ ಕಾಯ್ತಿದೆ."

ಅಕ್ಕ ಗೋಡೆಯ ಕಡೆ ನೋಡಿದಳು. "ಹೋಗಿ ಹೇಳು ಹಾಗಾದ್ರೆ."

"ಹೇಳೋದೇನು. ಹೋಗ್ತಿದೆಯಲ್ಲ."

ರೀಡಿಂಗಿನ ದಿನ ಬೆಳಿಗ್ಗೆಯೇ ಅವನು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಈಗಿನ ರೀಡರು ಮೂವತ್ತು ದಾಟಿದ ಹೆಂಗಸು, ಹೆಲ್ಮೆಟ್ಟು ತೆಗೆಯದೆಯೇ ಒಳಗೆ ಬರುವವಳು. ಕೈಯಲ್ಲಿ ಪುಸ್ತಕವಿಲ್ಲ, ಬಿಲ್ಲು ಅಚ್ಚಾಗುವ ಸಣ್ಣ ಯಂತ್ರ. ಅವಳು ಮೆಟ್ಟಿಲ ಕೆಳಗೆ ಬಗ್ಗಿ ಅಂಕಿ ಒತ್ತಿದಳು. ಯಂತ್ರ ಕಿರಿಕಿರಿ ಎಂದು ಕಾಗದ ಹೊರಹಾಕಿತು. ಅವಳು ಅದನ್ನು ನೋಡಿದಳು, ಇವನನ್ನು ನೋಡಿದಳು, ಮತ್ತೆ ಬಗ್ಗಿ ಮೀಟರು ನೋಡಿದಳು.

"ಸಾರ್, ಹೋದ ತಿಂಗಳಿಗಿಂತ ಎರಡರಷ್ಟಾಗಿದೆ. ರಿವರ್ಸ್ ದೀಪನೂ ಹತ್ತಿದೆ."

"ಹತ್ತಲೇಬೇಕಲ್ಲಮ್ಮ. ಕೊಡ್ತಿದ್ದೀನಿ ನಾನು. ಕಮ್ಮಿ ಆಗಿರಬೇಕು, ಸರಿಯಾಗಿ ನೋಡು."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಹೆಲ್ಮೆಟ್ಟು ತೆಗೆದಳು. "ಅಯ್ಯೋ ಸಾರ್, ಇದು ಕಳ್ಳತನ ತಡೆಯೋ ಮೀಟರು. ತಂತಿ ತಿರುಗಿಸಿದ್ರೂ ಕಳ್ಳನಿಗೆ ಲಾಭ ಆಗಬಾರದು ಅಂತ ಮಾಡಿರೋದು. ಒಳಗೆ ಬಂದ್ರೂ ಕೂಡಿಸುತ್ತೆ, ಹೊರಗೆ ಹೋದ್ರೂ ಕೂಡಿಸುತ್ತೆ. ಕಳೆಯೋದು ಇದಕ್ಕೆ ಬರಲ್ಲ."

"ಕೊಟ್ಟಿದ್ದನ್ನೂ ತಗೊಂಡೆ ಅಂತ ಬರ್ಕೊಂಡಿದೆಯಾ?"

"ಇದಕ್ಕೆ ಕೊಡೋರು ಇರ್ತಾರೆ ಅಂತಲೇ ಗೊತ್ತಿಲ್ಲ ಸಾರ್."

ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ತಿಂಗಳಿಡೀ ನಿಲ್ಲಿಸಿದ ಫ್ಯಾನು, ಬಾಯಿ ಕಟ್ಟಿದ ರೇಡಿಯೋ, ದಿನಕ್ಕೆರಡು ಗಂಟೆಯ ಅವನ ಉಸಿರು, ಎಲ್ಲವೂ ಆ ಅಂಕಿಯೊಳಗೆ ಅವನು ಉಂಡದ್ದಾಗಿ ಸೇರಿತ್ತು. "ಒಂದು ಮಾತು ಬರಿಯಮ್ಮ" ಎಂದ ಕೊನೆಗೆ. "ಷರಾ ಖಾನೇಲಿ. ಪ್ಯಾನೆಲ್ ಇದೆ, ಮೀಟರು ಸರಿಯಿಲ್ಲ ಅಂತ."

ಅವಳು ಯಂತ್ರವನ್ನು ಅವನ ಕಡೆ ತಿರುಗಿಸಿ ತೋರಿಸಿದಳು. "ಇದರಲ್ಲಿ ಆ ಖಾನೆ ಇಲ್ಲ ಸಾರ್. ಅಂಕಿ ಒತ್ತೋದು, ದೀಪ ಹತ್ತಿದೆಯಾ ಇಲ್ವಾ ಒತ್ತೋದು. ಅಷ್ಟೇ. ಒತ್ತಿದ ತಕ್ಷಣ ಹೋಗಿಬಿಟ್ಟಿರುತ್ತೆ."

ಮೂರನೆಯ ದಿನ ನೋಟೀಸು ಬಂತು. ಕರೆಂಟು ಕಳ್ಳತನದ ಅನುಮಾನ, ಹತ್ತು ದಿನದಲ್ಲಿ ಲೈನು ಕಟ್, ತಪಾಸಣೆಯಾದ ಮೇಲಷ್ಟೇ ಮತ್ತೆ ಜೋಡಣೆ. ಬಿಲ್ಲಿನ ಹಣವನ್ನು ಅಕ್ಕ ಅವತ್ತೇ ಕಟ್ಟಿದಳು. ಕಟ್ಟಿಸಿಕೊಂಡರು. ಆದರೆ ನೋಟೀಸಿಗೂ ಹಣಕ್ಕೂ ಸಂಬಂಧವಿಲ್ಲವೆಂದರು.

ಸಿಲಿಂಡರನ್ನು ಆಟೋದಲ್ಲಿಟ್ಟುಕೊಂಡು ಅವನು ಆಫೀಸಿಗೆ ಹೋದ. ಅಲ್ಲಿನ ಸೆಕ್ಷನ್ ಆಫೀಸರು ಮೊದಲ ವರ್ಷ ಇವನ ಹಿಂದೆಯೇ ನಡೆದು ಬೀದಿಗಳ ಪರಿಚಯ ಮಾಡಿಕೊಂಡವನು. ಎದ್ದು ನಿಂತ, ತನ್ನ ಕುರ್ಚಿಯನ್ನೇ ಕೊಟ್ಟ, ಚಹಾ ತರಿಸಿದ. ಮೇಜಿನ ಗಾಜಿನ ಕೆಳಗೆ ಇವನ ನಿವೃತ್ತಿಯ ದಿನದ ಫೋಟೋ ಇನ್ನೂ ಇತ್ತು.

"ಸಾರ್, ನೀವು ಕದ್ದಿದ್ದೀರಿ ಅಂತ ಹೇಳೋ ನಾಲಗೆ ಈ ಆಫೀಸಲ್ಲಿ ಯಾರಿಗೂ ಇಲ್ಲ. ಆದರೆ ದೀಪ ಹತ್ತಿದ್ದು ಮೇಲಕ್ಕೆ ಹೋಗಿಬಿಟ್ಟಿದೆ. ಅದನ್ನ ಇಳಿಸೋ ಅಧಿಕಾರ ನನಗಿಲ್ಲ."

"ಅರ್ಜಿ ಕೊಡ್ತೀನಿ."

"ಕೊಡಿ. ಸೋಲಾರ್ ಇರೋ ಮನೆ ಅಂತ ತಿದ್ದುಪಡಿಗೆ ಬೇರೆ ಫಾರಮ್ಮಿದೆ. ಅದರಲ್ಲಿ ಹೊಸ ಮೀಟರಿನ ನಂಬರು ತುಂಬಬೇಕು."

"ಹೊಸ ಮೀಟರು ಎಲ್ಲಿದೆ?"

"ಸ್ಟಾಕ್ ಇಲ್ಲ."

"ಮೀಟರಿಲ್ಲದೆ ನಂಬರು ಎಲ್ಲಿಂದ ತರಲಿ?"

"ಅದೇ ಸಾರ್ ನಾನೂ ಹೇಳ್ತಿರೋದು." ಆಫೀಸರು ಹಣೆ ಉಜ್ಜಿಕೊಂಡ. "ಇನ್ನೊಂದು ದಾರಿ ಇದೆ. ಅನುಮತಿ ಇಲ್ಲದೆ ಸ್ವಿಚ್ ಹಾಕಿದೆ ಅಂತ ಬರೆದುಕೊಡಿ. ಆಗ ಕಳ್ಳತನ ಹೋಗುತ್ತೆ, ನಿಯಮ ಮುರಿದದ್ದು ಬರುತ್ತೆ. ಆದರೆ ಅದಕ್ಕೂ ಲೈನು ಕಟ್ಟೇ."

ಅವನು ಬರೆದುಕೊಟ್ಟ. ದುಂಡಗಿನ ರೀಡಿಂಗ್ ಅಕ್ಷರದಲ್ಲಿ, ಅಂಕಿಗಳಿಗೆ ಅಡಿಗೆರೆ ಎಳೆದು. ಹೊರಡುವಾಗ ಬಾಗಿಲಲ್ಲಿ ನಿಂತು, "ಮೀಟರು ತಪ್ಪು ಹೇಳ್ತಿದೆ ಕಣಯ್ಯ" ಎಂದ.

ಆಫೀಸರು ತಲೆ ತಗ್ಗಿಸಿದ. "ಮೀಟರು ತಪ್ಪು ಹೇಳಲ್ಲ ಅಂತ ನಮಗೆ ಕಲಿಸಿದ್ದೇ ನೀವಲ್ವಾ ಸಾರ್." ಚುಚ್ಚಬೇಕೆಂದು ಹೇಳಿದ್ದಲ್ಲ ಅದು.

ಹತ್ತನೆಯ ದಿನ, ಹನ್ನೊಂದು ಗಂಟೆಗೆ ಲೈನ್‌ಮನ್ನು ಏಣಿ ಹೊತ್ತು ಬಂದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ವಯಸ್ಸಿನಲ್ಲಿ ಚಿಕ್ಕವನಾದ ಲೈನ್‌ಮನ್ನಿಗೆ ಇನ್ನೆರಡು ತಿಂಗಳು ಸರ್ವಿಸಿತ್ತು. ಏಣಿಯನ್ನು ಕಂಬಕ್ಕೆ ಒರಗಿಸದೆ ಗೇಟಿಗೆ ಒರಗಿಸಿ ಒಳಗೆ ಬಂದು ಕೂತ. ನೀರು ಕೇಳಿ ಕುಡಿದ. ಲೋಟ ಕೆಳಗಿಡಲಿಲ್ಲ.

"ಗುರುವೇ, ನಾನು ಕತ್ತರಿಸಲ್ಲ ಅಂತ ವಾಪಸ್ ಹೋಗ್ತೀನಿ. ನಾಳೆ ಇನ್ನೊಬ್ಬ ಬರ್ತಾನೆ. ಅವನಿಗೆ ನೀನು ಯಾರು ಅಂತ ಗೊತ್ತಿರಲ್ಲ. ತಂತಿನೇ ಸುತ್ಕೊಂಡು ಹೋಗ್ತಾನೆ."

"ನೀನೇ ಕತ್ತರಿಸು. ತಿರುಗಿ ಜೋಡಿಸೋ ಹಾಗೆ ಕತ್ತರಿಸು."

"ಮೇಲೆ ಅಷ್ಟು ಪ್ಯಾನೆಲ್ ಇವೆಯಲ್ಲ, ಹಗಲಾದರೂ ಅವು ನಡೆಸಲ್ವಾ?"

ಅಕ್ಕ ಆಸೆಯಿಂದ ತಮ್ಮನ ಮುಖ ನೋಡಿದಳು. ಅವನು ತಲೆಯಾಡಿಸಿದ. "ಲೈನು ಸತ್ತರೆ ಸೋಲಾರ್ ಪೆಟ್ಟಿಗೆನೂ ತಾನೇ ನಿಂತುಬಿಡಬೇಕು, ಹಾಗಂತ ರೂಲ್ಸು. ಹೊರಗೆ ಕರೆಂಟಿಲ್ಲ ಅಂತ ನಂಬಿ ನಿನ್ನಂಥೋನು ಕಂಬ ಹತ್ತಿರ್ತಾನೆ. ನನ್ನ ಮನೆಯಿಂದ ಹರಿದುಬಂದು ಹೊಡೆದ್ರೆ?"

ಲೈನ್‌ಮನ್ನು ಲೋಟ ಕೆಳಗಿಟ್ಟ. ಇಬ್ಬರಿಗೂ ನೆನಪಿತ್ತು. ಹಿಂದೆ ಒಬ್ಬ ಜೊತೆಗಾರ, ಯಾರದೋ ಅಂಗಡಿಯ ಜನರೇಟರಿನಿಂದ ಹಿಂದಕ್ಕೆ ಬಂದ ಕರೆಂಟಿಗೆ ಕಂಬದ ಮೇಲೆಯೇ ಉಳಿದುಹೋಗಿದ್ದ. "ಆ ರೂಲ್ಸು ಸರಿಯಾದ್ದೇ" ಎಂದ ಹಗಲು ಟಾರ್ಚು. ಬೈಯುವುದಕ್ಕೆ ಒಬ್ಬನಾದರೂ ಸಿಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ. ಯಾರೂ ಸಿಗಲಿಲ್ಲ. ರೂಲ್ಸಿನಿಂದ ರೂಲ್ಸಿಗೆ ನಡೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಇದ್ದವು. ಕೊನೆಯಲ್ಲಿ ಅವನ ಉಸಿರು ನಿಲ್ಲುತ್ತಿತ್ತು, ಅಷ್ಟೇ.

ಲೈನ್‌ಮನ್ನು ಏಣಿ ಹತ್ತಿದ. ಮೆಷಿನ್ನು ಬುಸ್ಸೆಂದು ಒಂದು ಉಸಿರು ಬಿಟ್ಟು, ಇನ್ನೊಂದಕ್ಕೆ ಬಾಯಿ ತೆರೆದು, ನಿಂತಿತು. ತಾರಸಿಯಲ್ಲಿ ಎಂಟು ಪ್ಯಾನೆಲ್ಲುಗಳ ಮೇಲೆ ಬಿಸಿಲು ಸುರಿಯುತ್ತಲೇ ಇತ್ತು. ಅಕ್ಕ ನಳಿಕೆಯನ್ನು ಸಿಲಿಂಡರಿಗೆ ಸಿಕ್ಕಿಸಿ ಗಡಿಯಾರ ನೋಡಿದಳು. ಇನ್ನು ಐದು ಗಂಟೆ ಹೊತ್ತು. ಆಮೇಲೆ ಆಸ್ಪತ್ರೆಯ ಬೆಂಚು.

ಪಕ್ಕದ ಮನೆಯಲ್ಲಿ ಹೊಲಿಗೆಯ ಸದ್ದು ನಿಂತಿತು. ಟೈಲರಮ್ಮನಿಗೆ ಆ ಮೆಷಿನ್ನಿನ ಬುಸ್ಸು ಗೋಡೆಯಾಚೆಯಿಂದ ಇಷ್ಟು ದಿನ ಕೇಳಿ ಕೇಳಿ ಒಗ್ಗಿಹೋಗಿತ್ತು. ಈಗ ಅದು ಇಲ್ಲವೆಂಬುದೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಅವಳ ತಲೆ ಕಂಡಿತು. ಆಮೇಲೆ ಒಂದು ಕೈ, ಕೈಯಲ್ಲಿ ಸುರುಳಿ ಸುತ್ತಿದ ಹಸಿರು ವೈರು, ತುದಿಗೆ ಎಕ್ಸ್‌ಟೆನ್ಶನ್ ಬೋರ್ಡು.

"ಹಿಡ್ಕೊಳ್ಳಿ ಅಕ್ಕಾ."

ಅವನು ಮಂಚದ ಮೇಲಿಂದ ಏಳಲು ನೋಡಿದ. "ಬೇಡ. ಒಂದು ಮನೆ ಕರೆಂಟು ಇನ್ನೊಂದು ಮನೆಗೆ ಕೊಡಬಾರದು. ಕಂಡ್ರೆ ಅವರ ಲೈನೂ ಕಟ್ ಮಾಡ್ತಾರೆ. ನಾನೇ ಎಷ್ಟು ಜನರ..."

"ಟಾರ್ಚಣ್ಣಾ" ಎಂದಳು ಟೈಲರಮ್ಮ ಗೋಡೆಯಾಚೆಯಿಂದಲೇ. ಹತ್ತೊಂಬತ್ತು ವರ್ಷದ ಮೇಲೆ ಅವನಿಗೆ ಕೇಳಿಸಿದ ಅವಳ ಮೊದಲ ಮಾತು. "ನಿಮ್ಮ ಟಾರ್ಚು ಆರಿಸಿ, ಆ ಕಡೆ ತಿರುಗಿ ಮಲಗಿ. ನೋಡದೇ ಇದ್ರೆ ಬರೆಯೋ ಹಾಗಿಲ್ಲವಲ್ಲ."

ಅಕ್ಕ ಬೋರ್ಡು ಎಳೆದುಕೊಂಡು ಮೆಷಿನ್ನಿನ ಪ್ಲಗ್ಗು ಸಿಕ್ಕಿಸಿದಳು. ಬುಸ್ ಎಂದಿತು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹೆಗಲು ಅಲುಗುತ್ತಿತ್ತು. ಕೆಮ್ಮೋ ಏನೋ, ಅಕ್ಕ ಕೇಳಲಿಲ್ಲ.

ಹತ್ತೊಂಬತ್ತು ದಿನ ಅವನು ಆ ಹಸಿರು ವೈರಿನಲ್ಲಿ ಉಸಿರಾಡಿದ. ಮೆಷಿನ್ನೂ ಇಸ್ತ್ರಿ ಪೆಟ್ಟಿಗೆಯೂ ಒಟ್ಟಿಗೆ ನಡೆದರೆ ಟೈಲರಮ್ಮನ ಮನೆಯ ಫ್ಯೂಸು ಹಾರುತ್ತಿತ್ತು. ಅವಳು ಇಸ್ತ್ರಿ ಬಿಟ್ಟು, ಬಟ್ಟೆಗಳನ್ನು ಹಾಸಿಗೆಯ ಕೆಳಗೆ ಮಡಚಿಟ್ಟು ಕೊಡತೊಡಗಿದಳು. ಗಿರಾಕಿಗಳು ಗೊಣಗಿದರೆ, "ಸುಕ್ಕು ನಿಮ್ಮ ಮೈಯದು, ಬಟ್ಟೆಯದಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳಂತೆ. ಅಕ್ಕ ದಿನಾ ಹತ್ತು ಗಂಟೆಗೆ ಆಫೀಸಿಗೆ ಫೋನು ಹಚ್ಚುತ್ತಿದ್ದಳು. ಮೂವತ್ತು ವರ್ಷ ಬೇರೆಯವರನ್ನು ಲೈನಿನಲ್ಲಿ ಕಾಯಿಸಿದವಳಿಗೆ ತಾನೇ ಕಾಯುವುದೇನು ಕಷ್ಟ? "ಪರವಾಗಿಲ್ಲ, ಇರ್ತೀನಿ. ನಾನು ಇಡಲ್ಲ, ನೀವೂ ಇಡಬೇಡಿ" ಎಂದು ಗಂಟೆಗಟ್ಟಲೆ ಫೋನು ಹಿಡಿದು ಕೂರುತ್ತಿದ್ದಳು. ಈ ಕಡೆಯಿಂದ ಅವರಿಗೆ ಮೆಷಿನ್ನಿನ ಬುಸ್ಸು ಕೇಳಲಿ ಎಂದು ಫೋನನ್ನು ಅದರ ಪಕ್ಕಕ್ಕೇ ಇಡುತ್ತಿದ್ದಳು.

ಅವನು ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದ. ಆ ತಿಂಗಳ ನಡುಹಗಲುಗಳು ಒಳಗೆ ಏನನ್ನೋ ತಿಂದುಹಾಕಿದ್ದವೆಂದು ಅಕ್ಕನ ನಂಬಿಕೆ. ಅದಲ್ಲ, ಇದು ಹೀಗೂ ಆಗುವುದೇ ಇತ್ತು ಎಂದರು ಡಾಕ್ಟರು. ಯಾರು ಸರಿಯೋ.

ಹದಿನೈದನೆಯ ದಿನವೋ ಏನೋ, ಟೈಲರಮ್ಮ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. ಅವನು ನಳಿಕೆ ಸರಿಸಿ ಕೇಳಿದ.

"ಟೈಲರಮ್ಮ. ಅವತ್ತು ನಿಮ್ಮ ಮೀಟರು ನಿಜವಾಗಿ ಹಾರಿತ್ತಾ?"

ಅವಳು ದಾರ ಕಚ್ಚಿ ತುಂಡರಿಸಿದಳು. "ನನಗೇನು ಗೊತ್ತು? ನೀವು ಒಂದು ಮಾತು ಬರೆದಿದ್ರೆ ಯಾರಾದ್ರೂ ಬಂದು ಬಿಚ್ಚಿ ನೋಡ್ತಿದ್ರು. ಈಗ ಅದನ್ನ ಗುಜರಿಗೆ ಹಾಕಿಯೇ ಎಷ್ಟು ಕಾಲವಾಯ್ತು."

"ಒಂದು ಮಾತು" ಎಂದ ಅವನು.

"ಹೂಂ. ಒಂದು ಮಾತು. ಈಗ ಸುಮ್ಮನೆ ನಳಿಕೆ ಹಾಕ್ಕೊಳ್ಳಿ. ನನ್ನ ಕರೆಂಟು ದಂಡ ಆಗ್ತಿದೆ."

ಅವನು ನಕ್ಕ. ಕೊನೆಯ ಸಲ ನಕ್ಕದ್ದು ಅದೇ ಇರಬೇಕು.

ಇಪ್ಪತ್ತನೆಯ ದಿನ ಹೊಸ ಮೀಟರು ಬಂತು. ಅಕ್ಕನ ಫೋನಿಗೆ ಹೆದರಿ ಬೇರೆ ಊರಿನ ಗೋದಾಮಿನಿಂದ ತರಿಸಿದರೆಂದು ಆಫೀಸಿನಲ್ಲಿ ತಮಾಷೆ ಮಾಡಿಕೊಂಡರಂತೆ. ಲೈನ್‌ಮನ್ನೇ ಬಂದು ತಂತಿ ಜೋಡಿಸಿದ. ಹಸಿರು ವೈರು ಸುರುಳಿ ಸುತ್ತಿಕೊಂಡು ಗೋಡೆಯಾಚೆ ಹೋಯಿತು. ಅವನಿಗೆ ಎದ್ದು ಮೆಟ್ಟಿಲವರೆಗೆ ಹೋಗಲಾಗಲಿಲ್ಲ. ಅಕ್ಕ ಟಾರ್ಚು ಹಿಡಿದು ಬಗ್ಗಿ ಅಲ್ಲಿಂದಲೇ ಕೂಗಿದಳು.

"ಎರಡು ಸಾಲಿದೆ ಕಣೋ! ಬಂದದ್ದು ಒಂದು, ಹೋದದ್ದು ಒಂದು. ಹೋದದ್ದರಲ್ಲಿ ಅಂಕಿ..."

"ಓದಬೇಡ" ಎಂದ ಅವನು. ದನಿ ಮಂಚ ದಾಟಲಿಲ್ಲ. ಅಕ್ಕ ಹತ್ತಿರ ಬಂದ ಮೇಲೆ ಮತ್ತೆ ಹೇಳಿದ. "ರೀಡಿಂಗಿನ ದಿನ ನೋಡೋಣ."

ರೀಡಿಂಗಿಗೆ ಇಪ್ಪತ್ತಾರು ದಿನವಿತ್ತು. ಅವನು ನಾಲ್ಕನೆಯ ದಿ‌ನ ಬೆಳಿಗ್ಗೆ, ಪ್ಯಾನೆಲ್ಲಿಗೆ ಬಿಸಿಲು ಬೀಳುವ ಹೊತ್ತಿಗೆ ಹೋದ. ಅಕ್ಕನಿಗೆ ಅದು ಕೂಡಲೇ ತಿಳಿಯಲಿಲ್ಲ. ಮೆಷಿನ್ನು ನಾಲ್ಕು ಸೆಕೆಂಡಿಗೊಮ್ಮೆ ಬುಸ್ಸೆನ್ನುತ್ತಲೇ ಇತ್ತು. ತಿಳಿದ ಮೇಲೂ ಸ್ವಲ್ಪ ಹೊತ್ತು ಅದನ್ನು ನಿಲ್ಲಿಸಲು ಅವಳಿಗೆ ಕೈ ಬರಲಿಲ್ಲ. ಟೈಲರಮ್ಮ ಬಂದು ನಿಲ್ಲಿಸಿದಳು.

ರೀಡಿಂಗಿನ ದಿನ ಆ ಹೆಂಗಸು ಹೆಲ್ಮೆಟ್ಟು ತೊಟ್ಟೇ ಬಂದಳು. ಮಧ್ಯೆ ರಜೆಯಲ್ಲಿದ್ದವಳಿಗೆ ಯಾರೂ ಹೇಳಿರಲಿಲ್ಲ. ಮೆಟ್ಟಿಲ ಕೆಳಗೆ ಬಗ್ಗಿದಾಗ ಕತ್ತಲೆನಿಸಿತು. ಅಕ್ಕ ಮೊಳೆಯಿಂದ ಟಾರ್ಚು ತೆಗೆದು, ಅವಳ ಹೆಗಲ ಮೇಲಿನಿಂದ ಬೆಳಕು ಹಿಡಿದು ನಿಂತಳು. ಯಂತ್ರ ಕಿರಿಕಿರಿ ಎಂದು ಕಾಗದ ಕೊಟ್ಟಿತು.

"ಅಬ್ಬಾ! ನೋಡಿ ಅಮ್ಮಾ, ಬಂದಿದ್ದಕ್ಕಿಂತ ಹೋಗಿದ್ದೇ ಐದು ಪಟ್ಟು. ಈ ಬೀದೀಲಿ ಯಾರದೂ ಇಷ್ಟಿಲ್ಲ. ಸಾರ್ ಎಲ್ಲಿ? ಕರೀರಿ, ಖುಷಿಪಡ್ತಾರೆ." ಕಾಗದ ಹರಿದು ಕೊಡುತ್ತಾ ಕೇಳಿದಳು. "ಒಂದೇ ತಿಂಗಳಲ್ಲಿ ಇಷ್ಟು ಉಳಿಸಿದ್ದೀರಲ್ಲ, ಏನು ಆಫ್ ಮಾಡಿದ್ರಿ?"

ಅಕ್ಕನ ಕೈಯ ಬೆಳಕು ಮೀಟರಿನ ಮೇಲೆ ಹಾಗೇ ನಿಂತಿತ್ತು.

"ಒಂದು ಮೆಷಿನ್ನು" ಎಂದಳು.